ಕೋಳಿ ತೋಪಿನ ಧರೆಪ್ಪ

ಗಿರಿಜವ್ವನ ಅಡುಗೆಮನೆಗೆ ಕದವಿರಲಿಲ್ಲ, ಬರೀ ಹೊಸ್ತಿಲಿತ್ತು. ಕದ ಯಾಕೆ ಬೇಕು? ಹೊಸ್ತಿಲಿನಾಚೆ ಒಲೆಯ ಮುಂದೆ ಗಿರಿಜವ್ವನೇ ಕೂತಿರುತ್ತಿದ್ದಳಲ್ಲ! ಕಾಗವಾಡದಿಂದ ಅಥಣಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿ, ಕಬ್ಬಿನ ಹೊಲ ದಾಟಿ, ದ್ರಾಕ್ಷಿ ತೋಟದ ನಡುವಿನ ಆ ಮನೆಗೆ ಬಂದವರು ಸಾಹೇಬರೇ ಇರಲಿ, ಬೀಗರೇ ಇರಲಿ, ಆ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು ತಮ್ಮ ಕೈಕಾಲು ನೋಡಿಕೊಳ್ಳುತ್ತಿದ್ದರು. ಮುದುಕಿ ಲಿಂಗಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ. ಆ ಅಡುಗೆಮನೆ ಬಿಟ್ಟು ಬೇರೆಲ್ಲೂ ಉಣ್ಣುತ್ತಲೂ ಇರಲಿಲ್ಲ. ಮದುವೆಗೆ ಹೋದರೂ, ಮಗಳ ಮನೆಗೆ ಹೋದರೂ ಬರಿಹೊಟ್ಟೆಯಲ್ಲೇ ವಾಪಸು. ಸ್ವಂತ ಮನೆಯ ಪಡಸಾಲೆಯಲ್ಲಿ ಕೂತು ಒಂದು ತುತ್ತು ಬಾಯಿಗಿಟ್ಟದ್ದನ್ನೂ ಯಾರೂ ಕಂಡಿರಲಿಲ್ಲ.

ಅವಳ ಕಟ್ಟುನಿಟ್ಟು ಎಂಥದ್ದೆಂದು ತಿಳಿಯಲು ಮಗ ಅಡಿವೆಪ್ಪನ ಕಥೆಯೊಂದು ಸಾಕು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಬೆಲ್ಲ ಹೇರಿಕೊಂಡು ಮಿರಜಿಗೆ ಹೋಗಿದ್ದವನು ಗೆಳೆಯರ ಮಾತು ಕೇಳಿ ಒಂದು ಆಮ್ಲೆಟ್ ತಿಂದು ಬಂದ. ದಾರಿಯಲ್ಲಿ ಕೃಷ್ಣೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿದ, ಎಲೆಯಡಿಕೆ ಮೆದ್ದ, ನಿಪ್ಪಾಣಿ ತಂಬಾಕನ್ನೂ ದವಡೆಗೆ ಒತ್ತಿದ. ಏನು ಮಾಡಿದರೇನು! ಹೊಸ್ತಿಲ ಬಳಿ ಬರುತ್ತಲೇ ಗಿರಿಜವ್ವನ ಮೂಗು ಮೇಲೆದ್ದಿತು. ಮುಂದಿನ ಅಮಾವಾಸ್ಯೆಯವರೆಗೆ ಅಡಿವೆಪ್ಪನ ತಾಟು ದನದ ಕೊಟ್ಟಿಗೆಗೆ ಹೋಯಿತು. "ಎಮ್ಮಿ ಜೋಡಿ ಉಂಡಾಂವ" ಎಂದು ಊರಿನವರು ಅವನನ್ನು ತಲೆ ನರೆತ ಮೇಲೂ ಕಾಡಿಸುತ್ತಿದ್ದರು.

ಇಂಥ ಗಿರಿಜವ್ವನಿಗೆ ಮೊಮ್ಮಗ ಧರೆಪ್ಪನೆಂದರೆ ಪ್ರಾಣ. ಸತ್ತ ಗಂಡನ ಹೆಸರನ್ನೇ ಅವನಿಗೆ ಇಟ್ಟಿದ್ದರಿಂದ ಅವಳು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಅಜ್ಜನ ಹೆಸರಿನವನು, ಅಜ್ಜನೇ ಆಗಲಿ ಎಂದು "ಮುತ್ಯಾ" ಅನ್ನುತ್ತಿದ್ದಳು. ಕುಂಡಿ ತೊಳೆಯಲು ಬಾರದ ಕೂಸನ್ನು ಅಜ್ಜಿಯೊಬ್ಬಳು ಅಜ್ಜಾ ಅಜ್ಜಾ ಎಂದು ಮುದ್ದಾಡುವುದನ್ನು ಕಂಡು ನೆರೆಯವರು ನಗುತ್ತಿದ್ದರು. ಒಲೆಯ ಬಲಗಡೆ ಅವನದೊಂದು ಮಣೆ. ಹಂಚಿನಿಂದಿಳಿದ ಮೊದಲ ರೊಟ್ಟಿ ಆ ಮಣೆಯ ಮುಂದಿನ ತಾಟಿಗೇ ಬೀಳಬೇಕು, ಅವರಪ್ಪನಿಗೆ ಎರಡನೆಯದು.

ಮಾಘ ಮಾಸದಲ್ಲಿ ದ್ರಾಕ್ಷಿ ಸಿಹಿಯಾಗುತ್ತಲೂ ಗೊರವಂಕ, ಗಿಳಿಗಳ ದಂಡು ತೋಟಕ್ಕೆ ಇಳಿಯುತ್ತಿತ್ತು. ಶಾಲೆ ಬಿಟ್ಟೊಡನೆ ಧರೆಪ್ಪ ಹಕ್ಕಿ ಕಾಯುವ ಮಂಚಿಗೆ ಏರಿ ಕವಣೆಯಲ್ಲಿ ಕಲ್ಲು ಬೀಸುತ್ತಿದ್ದ. ಅದಕ್ಕೂ ಗಿರಿಜವ್ವನ ಕರಾರು ಇತ್ತು.

"ಅಂಜಸು, ಬಡೀಬ್ಯಾಡ. ಅವಕ್ಕೂ ಹೊಟ್ಟಿ ಐತಿ."

ಹೀಗಾಗಿ ಹಕ್ಕಿಗೆ ತಾಗದ ಹಾಗೆ ಗುರಿಯಿಡುವುದನ್ನು ಕಲಿತ ಜಗತ್ತಿನ ಏಕೈಕ ಕವಣೆಗಾರ ನಮ್ಮ ಧರೆಪ್ಪ. ಆದರೂ ಒಂದು ಸಂಜೆ ಕೈ ತಪ್ಪಿತು. ಗೊರವಂಕವೊಂದು ಬಳ್ಳಿಯ ಚಪ್ಪರದ ಮೇಲಿಂದ ಕೆಳಗೆ ಬಿತ್ತು. ಅದನ್ನು ಬೊಗಸೆಯಲ್ಲಿ ಹಿಡಿದುಕೊಂಡು ಗೋಳೋ ಎಂದು ಅಳುತ್ತ ಬಂದ ಮೊಮ್ಮಗನಿಗೆ ಗಿರಿಜವ್ವ ಬೈಯಲಿಲ್ಲ. ಅಂಗಳದ ಬೇವಿನ ಗಿಡದ ಬುಡದಲ್ಲಿ ಅವನ ಕೈಯಿಂದಲೇ ಕುಣಿ ತೋಡಿಸಿ ಹೂಳಿಸಿದಳು. ಮೀಯಿಸಿ, ವಿಭೂತಿ ಹಚ್ಚಿ, ಮಣೆಯ ಮೇಲೆ ಕೂರಿಸಿ ಉಣ್ಣಿಸಿದಳು. ತಾನು ಮಾತ್ರ ಉಣ್ಣಲಿಲ್ಲ.

"ನೀ ಯಾಕ ಉಣ್ಣಲಿಲ್ಲ ಆಯಿ?" ಎಂದು ಹುಡುಗ ಕೇಳಿದ. ಆ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.

"ನಮ್ಮ ಮನಿ ಕೈ ಜೀವಾ ತಗದೈತಿ. ಅದರಾಗ ನನಗೂ ಪಾಲು ಬರತೈತಿ. ಒಪ್ಪತ್ತು ಉಪಾಸ ಇದ್ದರ ಅದರ ನೆನಪರ ಉಳೀತೈತಿ."

ಹುಡುಗ ಓದಿನಲ್ಲಿ ಚುರುಕು. ಚಿಕ್ಕೋಡಿಯ ಬೋರ್ಡಿಂಗಿನಲ್ಲಿದ್ದು ಕಾಲೇಜು ಮುಗಿಸಿದ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿದ, ಬೆಂಗಳೂರಿಗೆ ಹೋಗಿ ವಿಮಾನದ ವಿದ್ಯೆಯಲ್ಲಿ ಮೇಲಿನ ಡಿಗ್ರಿಯನ್ನೂ ಪಡೆದ. 1989ರಲ್ಲಿ ವಿಮಾನಗಳ ಪರೀಕ್ಷೆ ಮಾಡುವ ಅಲ್ಲಿಯ ಒಂದು ಸಂಸ್ಥೆಯಲ್ಲಿ ನೌಕರಿ ಸಿಕ್ಕಿತು. ರೆಕ್ಕೆ ಮಾಡುತ್ತೇನೆ, ಹೊಸ ನಮೂನೆಯ ಬಾಲ ಮಾಡುತ್ತೇನೆ ಎಂದು ಕನಸು ಕಟ್ಟಿಕೊಂಡು ಹೋದವನನ್ನು ಮೇಲಿನವರು ಮೈದಾನದ ಮೂಲೆಯ ತಗಡಿನ ಶೆಡ್ಡಿಗೆ ಕಳಿಸಿದರು.

ಶೆಡ್ಡಿನಲ್ಲಿದ್ದದ್ದು ಒಂದು ಉದ್ದನೆಯ ತೋಪು. ಹಾರುವ ವಿಮಾನಕ್ಕೆ ಹದ್ದೋ ರಣಹದ್ದೋ ಎದುರಾದರೆ ಅದು ಪೈಲಟನ ಮುಂದಿನ ಗಾಜಿಗೆ ಗುಂಡಿನ ಹಾಗೆ ಬಡಿಯುತ್ತದೆ. ಗಾಜು ತಾಳಿಕೊಳ್ಳುತ್ತದೋ ಇಲ್ಲವೋ ಎಂದು ನೆಲದ ಮೇಲೆ ಮೊದಲೇ ನೋಡಬೇಕಲ್ಲ, ಅದಕ್ಕೆ ಈ ತೋಪು. ಗಾಳಿಯ ಒತ್ತಡದಿಂದ ಹಾರಿಸುವಂಥದ್ದು. ಒಳಗೆ ತುಂಬುವುದು ಮದ್ದುಗುಂಡಲ್ಲ, ಕೋಳಿ. ಆಗಷ್ಟೇ ಕೊಂದ, ಪುಕ್ಕವೂ ಕಿತ್ತಿರದ ಇಡೀ ಕೋಳಿ. ಹಳೆಯದಾದರೆ ಮೈ ಬಿರುಸಾಗಿ ಲೆಕ್ಕ ತಪ್ಪುತ್ತದೆ ಎಂದು ನಿಯಮವೇ ಇತ್ತು.

ಮೊದಲ ದಿನವೇ ತೋಪಿನ ಮಿಸ್ತ್ರಿ ರಾಜಾರಾಮ, "ತೂಕ ನೋಡಿ ಸಾರ್" ಎಂದು ಒಂದು ಕೋಳಿಯನ್ನು ಧರೆಪ್ಪನ ಕೈಗಿಟ್ಟ. ಮೈ ಇನ್ನೂ ಬೆಚ್ಚಗಿತ್ತು. ಇಪ್ಪತ್ತು ಚಿಲ್ಲರೆ ವರ್ಷ ತತ್ತಿಯ ಸಿಪ್ಪೆಯನ್ನೂ ಮುಟ್ಟದೆ ಬೆಳೆದ ಹುಡುಗ! ಶೆಡ್ಡಿನ ಹಿಂದೆ ಓಡಿಹೋಗಿ ಕರುಳು ಬಾಯಿಗೆ ಬರುವಂತೆ ಕಾರಿಕೊಂಡ. ರೂಮಿಗೆ ಬಂದು ತಲೆಯ ಮೇಲೆ ತಣ್ಣೀರು ಸುರಿದುಕೊಂಡ, ವಿಭೂತಿ ಹಚ್ಚಿಕೊಂಡ. ಅವತ್ತು ಊಟಕ್ಕೆ ಹೋಗಲಿಲ್ಲ. ಹಸಿವಿರಲಿಲ್ಲವೆಂದಲ್ಲ, ಸಂಜೆಯ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಗೊರವಂಕದ ದಿನ ಆಯಿ ಉಪವಾಸ ಕೂತದ್ದು ಕಣ್ಣ ಮುಂದೆ ಬಂದಿತ್ತು. ಅಲ್ಲಿಂದ ಮುಂದೆ ತೋಪು ಹಾರಿಸಿದ ದಿನವೆಲ್ಲ ಅವನಿಗೆ ಒಪ್ಪತ್ತು. ರಾಜಾರಾಮ ಇದನ್ನು ಹೊಟ್ಟೆನೋವೆಂದು ತಿಳಿದು ಜೀರಿಗೆ ಕಷಾಯ ಕುಡಿಯಿರಿ ಎಂದು ಬೆನ್ನು ಹತ್ತಿದ್ದ.

ಬಿಟ್ಟು ಹೋಗಬೇಕೆಂದು ಅವನಿಗೆ ಅನ್ನಿಸಲಿಲ್ಲವೇ? ಅನ್ನಿಸಿತು. ರಾಜೀನಾಮೆ ಕೊಡಲು ಹೊರಟೂ ಇದ್ದ. ಅದೇ ವಾರ ಹಳೆಯ ನಮೂನೆಯ ಗಾಜಿನ ಪರೀಕ್ಷೆ. ಗಾಜಿನ ಹಿಂದೆ ಪೈಲಟ್ ಇರುವ ಜಾಗದಲ್ಲಿ ಒಂದು ಬೊಂಬೆ ಕೂರಿಸಿದ್ದರು. ತೋಪು ಹಾರಿತು, ಗಾಜು ಪುಡಿಯಾಯಿತು, ಹೋಗಿ ನೋಡಿದರೆ ಬೊಂಬೆಯ ಮುಖದ ತುಂಬ ಚೂರುಗಳು ನೆಟ್ಟಿದ್ದವು. ಎರಡು ಕಣ್ಣಿನ ಜಾಗದಲ್ಲೂ. ಕಣ್ಣು ಕಳೆದುಕೊಂಡು ಮನೆಗೆ ಹೋದ ಒಬ್ಬ ಪೈಲಟ್ ಹುಡುಗನ ಕಥೆಯನ್ನು ರಾಜಾರಾಮ ಅಲ್ಲೇ ನಿಂತು ಹೇಳಿದ. ಧರೆಪ್ಪ ಶೆಡ್ಡಿನಲ್ಲೇ ಉಳಿದ.

ಮನೆಗೆ ಮಾತ್ರ ಸುಳ್ಳು ಹೇಳಿದ. ಪೂರ್ತಿ ಸುಳ್ಳೂ ಅಲ್ಲ, ಅರ್ಧ ಮಾತು. "ವಿಮಾನದ ಗಾಜಿನ ಕೆಲಸ" ಅಂದ. ಅವ್ವ ಚನ್ನವ್ವ ಅದನ್ನೇ ರಾಯಬಾಗದ ಕಡೆಯ ತನ್ನ ತವರು ಪಾಲಬಾವಿಯ ತನಕ ಡಂಗುರ ಸಾರಿದಳು. ಟ್ರ್ಯಾಕ್ಟರಿನ ಗಾಜು ಒಡೆದವರು, ಚಾಳೀಸು ಕನ್ನಡಕದ ಗಾಜು ಬಿದ್ದವರು ಅವನು ಊರಿಗೆ ಬಂದಾಗೆಲ್ಲ ಮನೆಗೆ ಬಂದು ಕೂರುತ್ತಿದ್ದರು. ಧರೆಪ್ಪ ನಗುತ್ತಿದ್ದ. ಒಳಗೆ ಒಲೆಯ ಮುಂದೆ ಮಣೆಯ ಮೇಲೆ ಕೂತು ಆಯಿಯ ಕೈಯಿಂದ ಮೊದಲ ರೊಟ್ಟಿ ಇಸಿದುಕೊಳ್ಳುವಾಗ ಮಾತ್ರ ಅವನ ನಗು ಇಂಗಿಹೋಗುತ್ತಿತ್ತು. ಗೊತ್ತಾದರೆ ಈ ಮಣೆ ಹೋಯಿತು ಎಂದು ಪ್ರತಿ ತುತ್ತಿಗೂ ಅನ್ನಿಸುತ್ತಿತ್ತು. ಕೊಟ್ಟಿಗೆಯಲ್ಲಿ ಉಣ್ಣಲು ಅವನು ಹಿಂದೆಗೆಯುತ್ತಿರಲಿಲ್ಲ. ಆಯಿಯ ಕಣ್ಣಿಗೆ ತಾನು ಹೊಲಸಾಗುವುದನ್ನು ಮಾತ್ರ ಅವನಿಂದ ನೆನೆಯಲೂ ಆಗುತ್ತಿರಲಿಲ್ಲ.

ಇನ್ನು ಅವನಿಗೆ ಮರ್ಯಾದೆ ತಂದುಕೊಟ್ಟ ಸಂಗತಿ. ಗಾಜು ಒಡೆಯುತ್ತಿದೆಯೇ, ಹಾಗಾದರೆ ಇನ್ನಷ್ಟು ದಪ್ಪ ಮಾಡಿ ಎಂದು ಹಿರಿಯರು ಹೇಳುತ್ತ ಬಂದಿದ್ದರು. ದಪ್ಪ ಮಾಡಿದಷ್ಟೂ ಭಾರ, ಆದರೂ ಒಡೆಯುವುದು ತಪ್ಪಲಿಲ್ಲ. ಧರೆಪ್ಪ ಒಡೆದ ಚೂರುಗಳನ್ನು ಆರಿಸಿ ತಂದು ಜೋಡಿಸುತ್ತ ಕೂತ. ಕೋಳಿ ಬಡಿಯುವುದು ನಡುವೆ, ಬಿರುಕು ಹುಟ್ಟುವುದು ಅಂಚಿನಲ್ಲಿ, ಸ್ಕ್ರೂ ಬಿಗಿದ ಕಡೆ! ಆಗ ಅವನಿಗೆ ನೆನಪಾದದ್ದು ಮನೆಯ ದ್ರಾಕ್ಷಿ ಚಪ್ಪರ. ತಂತಿಯನ್ನು ಪಿಟೀಲಿನ ಹಾಗೆ ಬಿಗಿದವರ ಕಂಬಗಳು ಬಿರುಗಾಳಿಗೆ ಮುರಿದು ಬಿದ್ದಿದ್ದವು. ಸ್ವಲ್ಪ ಸಡಿಲ ಬಿಟ್ಟ ಅಡಿವೆಪ್ಪನ ಚಪ್ಪರ ತೂಗಾಡಿ ಸುಮ್ಮನಾಗಿತ್ತು. ಗಾಜಿನ ಸುತ್ತ ಮೆತ್ತನೆಯ ರಬ್ಬರಿನ ಹಾಸು ಕೊಟ್ಟು, ಪೆಟ್ಟು ಬಿದ್ದಾಗ ಅದು ತುಸು ಹಿಂದೆ ಸರಿಯಲು ಬಿಡೋಣ ಎಂದ. ಮೇಲಿನವರು ಹುಬ್ಬು ಹಾರಿಸಿದರು. ಎರಡು ವರ್ಷ ಕಾಡಿ ಬೇಡಿ, ನಮೂನೆ ಬದಲಿಸಿ ಬದಲಿಸಿ, ಕೊನೆಗೊಂದು ದಿನ ತೋಪು ಹಾರಿಸಿದರೆ ಗಾಜು ರಕ್ತ ಪುಕ್ಕ ಮೆತ್ತಿಕೊಂಡು ಇಡಿಯಾಗಿ ನಿಂತಿತ್ತು. ರಾಜಾರಾಮ ಕುಣಿದ. ಧರೆಪ್ಪ ಅವತ್ತೂ ಉಪವಾಸ.

ಆ ಗಾಜು ತರಬೇತಿ ವಿಮಾನಗಳಿಗೆ ಕೂತಿತು. ಮರು ಮಳೆಗಾಲದಲ್ಲಿ ಒಬ್ಬ ಪೈಲಟ್ ಹುಡುಗನಿಗೆ ಹದ್ದು ಎದುರಾಯಿತು, ಗಾಜು ತಡೆಯಿತು, ಹುಡುಗ ನೆಟ್ಟಗೆ ನೆಲಕ್ಕಿಳಿದ. 1994ರ ಕೊನೆಗೆ ವರ್ಷದ ಯುವ ಇಂಜಿನಿಯರ್ ಎಂದು ಧರೆಪ್ಪನಿಗೆ ಬೆಂಗಳೂರಿನಲ್ಲಿ ಪದಕ ಹಾಕಿದರು. ಫೋಟೋ ಪೇಪರಿನಲ್ಲಿ ಬಂತು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಊರಿನಲ್ಲಿ ಬಾಬಾಸಾಹೇಬರಿದ್ದರು. ದ್ರಾಕ್ಷಿ ಬೆಳೆಗಾರರ ಸೊಸೈಟಿಯ ಚೇರ್ಮನ್. ಮನುಷ್ಯ ಬಂಗಾರ, ಬಾಯಿ ಮಾತ್ರ ತೂತಿನ ಕೊಡ. ಯಾರಿಗೆ ಏನು ಸಿಕ್ಕರೂ ಸತ್ಕಾರ ಮಾಡಲೇಬೇಕು. ಹತ್ತನೆಯ ಇಯತ್ತೆ ಪಾಸಾದವನಿಗೆ ಸತ್ಕಾರ, ಎಮ್ಮೆ ಹೆಚ್ಚು ಹಾಲು ಕೊಟ್ಟರೆ ಎಮ್ಮೆಯ ಮಾಲೀಕನಿಗೆ ಸತ್ಕಾರ. ವಿಮಾನದ ಪದಕ ಬಂದರೆ ಬಿಡುತ್ತಾರೆಯೇ! ಹಿಂದಿನ ವರ್ಷ ಸೊಸೈಟಿಯ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಅವರು ಧರೆಪ್ಪನ ಶೆಡ್ಡಿಗೂ ಹೋಗಿ ಆ ತೋಪನ್ನು ಕಣ್ಣಾರೆ ನೋಡಿದ್ದರು. ಅವರು ಮರಾಠರು, ರವಿವಾರದ ಕೋಳಿ ಸಾರು ಬಿಡದವರು. "ಅರೇ ವ್ವಾ! ಕೋಳಿ ಹಿಂಗೂ ಉಪಯೋಗ ಆಗತೈತಿ?" ಎಂದು ಬೆರಗಾಗಿದ್ದರು. ಧರೆಪ್ಪ ಅವರ ಎರಡೂ ಕೈ ಹಿಡಿದುಕೊಂಡು, "ಕಾಕಾ, ಆಯಿಗೆ ಮಾತ್ರ ಗೊತ್ತಾಗಬಾರದ್ರಿ" ಎಂದು ಬೇಡಿಕೊಂಡಿದ್ದ. "ಅಂಬಾಬಾಯಿ ಆಣಿ, ಬಾಯಿ ಬಿಡೂದಿಲ್ಲ" ಎಂದು ಅವರೂ ಕೊಲ್ಲಾಪುರದ ದೇವಿಯ ಆಣೆ ಹಾಕಿದ್ದರು.

ಮಾಘ ಮಾಸದ ಒಂದು ಮುಂಜಾನೆ ಸೊಸೈಟಿಯ ಗೋದಾಮಿನ ಮುಂದೆ ಮಂಟಪ ಹಾಕಿದರು. ಟ್ರ್ಯಾಕ್ಟರಿನಲ್ಲಿ ಮೆರವಣಿಗೆ, ಹಲಗೆಯ ಬಡಿತ, ಧರೆಪ್ಪನ ತಲೆಗೆ ಕೇಸರಿ ಪಟಗ. ಎಂದೂ ಇಂಥ ಕಡೆ ಕಾಲಿಡದ ಗಿರಿಜವ್ವ ಅವತ್ತು ಬಂದಳು. ಬೆಳಕು ಹರಿಯುವ ಮುಂಚೆ ಎದ್ದು ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ ಹೋಳಿಗೆಗೆ ತಯಾರಿ ಮಾಡಿಟ್ಟು, ಇಳಕಲ್ ಸೀರೆಯುಟ್ಟು, ಜಮಖಾನದ ಮೇಲೆ ಎಲ್ಲರಿಗಿಂತ ಮುಂದೆ ಕೂತಳು. ಗಂಡನ ಹೆಸರಿನವನ ತಲೆಯ ಮೇಲೆ ಪಟಗ ನೋಡಿ ಅವಳ ಕಣ್ಣಲ್ಲಿ ನೀರಾಡಿತು.

ಹೈಸ್ಕೂಲಿನ ಹೆಡ್‌ಮಾಸ್ತರ ಕಾಕಾಸಾಹೇಬ ಭಾಷಣಕ್ಕೆ ನಿಂತರು. ಗಾಳಿಯ ಗುಣಧರ್ಮದಿಂದ ಸುರುಮಾಡಿ, ಗಾಜಿನ ಇತಿಹಾಸ ಹಿಡಿದು, ಇಳಿಯುವ ಲಕ್ಷಣವೇ ಕಾಣಲಿಲ್ಲ. ಜನ ಆಕಳಿಸಿದರು. ಹಿಂದಿನ ಸಾಲಿನವರು ಚಪ್ಪಲಿ ಮೆಟ್ಟಿಕೊಂಡರು. ತಮ್ಮ ಸತ್ಕಾರ ಕಣ್ಣ ಮುಂದೆ ಕೆಡುತ್ತಿರುವುದನ್ನು ಕಂಡು ಬಾಬಾಸಾಹೇಬರಿಗೆ ತಡೆಯಲಾಗಲಿಲ್ಲ. ಹೋಗಿ ಮೈಕು ಕಸಿದುಕೊಂಡರು.

"ಅದೆಲ್ಲಾ ಬಿಡ್ರಿ ಮಾಸ್ತರ! ಮಂದೀಗೆ ತಿಳಿಯೂ ಹಂಗ ಹೇಳ್ರಿ. ಕೇಳ್ರೆಪಾ, ನಮ್ಮ ಧರೆಪ್ಪನ ಕಡೆ ಎಂಥಾ ತೋಪು ಐತಿ ಗೊತ್ತೇನು? ಈ ಗೋದಾಮದಷ್ಟ ಉದ್ದ! ಅದರಾಗ ಏನ ತುಂಬತಾನ? ಕೋಳಿ! ಖರೇ ಕೋಳಿ! ತುಂಬಿ ಗಾಜಿಗೆ ಹೊಡೀತಾನ, ಧಡ್! ಪುಕ್ಕಾ ಈ ಕಡೆ, ಕಾಲು ಆ ಕಡೆ! ನಾ ಕಣ್ಣಾರೆ ನೋಡೇನಿ!"

ಮಂಟಪವೇ ಎದ್ದು ನಿಂತಂತಾಯಿತು. ನಗು, ಸಿಳ್ಳೆ, ಚಪ್ಪಾಳೆ. ಬಾಬಾಸಾಹೇಬರು ಹಿಗ್ಗಿನಿಂದ ಮುಂದೆ ನೋಡಿದವರು, ಗಿರಿಜವ್ವನ ಮುಖ ಕಂಡು ಮೈಕಿನ ಮೇಲೇ ಕೈ ಮುಚ್ಚಿದರು. ಏನು ಉಪಯೋಗ? ಮುದುಕಿ ಮೊಮ್ಮಗನನ್ನು ದಿಟ್ಟಿಸಿ ನೋಡಿದಳು. ಅಲ್ಲ ಆಯಿ, ಹುಚ್ಚ ಮಾತು ಅವು, ಎಂದು ಅವನು ತಲೆಯಾಡಿಸಿದ್ದರೆ ನಂಬುತ್ತಿದ್ದಳು. ಅವನು ತಲೆ ತಗ್ಗಿಸಿದ. ಗಿರಿಜವ್ವ ಸೀರೆ ಕೊಡವಿಕೊಂಡು ಎದ್ದು, ಯಾರನ್ನೂ ನೋಡದೆ ತೋಟದ ದಾರಿ ಹಿಡಿದಳು.

ಧರೆಪ್ಪ ಪಟಗವನ್ನು ಕೈಯಲ್ಲಿ ಹಿಡಿದುಕೊಂಡು ಓಡುತ್ತಲೇ ಮನೆಗೆ ಬಂದ. ಆಯಿ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಳು. ಬಲಗಡೆಯ ಮಣೆ ಇದ್ದಲ್ಲೇ ಇತ್ತು. ಚನ್ನವ್ವ ಅತ್ತೆಯ ಬೆನ್ನ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

"ಅಲ್ಲೇ ನಿಲ್ಲು," ಅಂದಳು ಗಿರಿಜವ್ವ.

ಅವನು ಹೊಸ್ತಿಲ ಹೊರಗೆ ನಿಂತ. ಅಡಿವೆಪ್ಪನೂ ಏದುಸಿರು ಬಿಡುತ್ತ ಬಂದು ಮಗನ ಹಿಂದೆ ನಿಂತ.

"ಒಂದ ಮಾತ ಕೇಳತೀನಿ. ಆ ಕೋಳಿ ತಾವಾಗೇ ಸತ್ತಿರತಾವೋ, ಕೊಂದು ತರತೀರೋ?"

"ಸತ್ತಿರತಾವ ಅನ್ನಲೇ," ಎಂದು ಅಡಿವೆಪ್ಪ ಹಿಂದಿನಿಂದ ಪಿಸುಗುಟ್ಟಿದ. ಚನ್ನವ್ವ ಅತ್ತೆಯ ತಲೆಯ ಮೇಲಿಂದ ಕೈಸನ್ನೆ ಮಾಡಿದಳು. ಒಂದೇ ಒಂದು ಮಾತು. ಸತ್ತ ಕೋಳಿಯಾದರೆ ಮಿಂದು ವಿಭೂತಿ ಹಚ್ಚಿಕೊಂಡರೆ ತೀರಿತು, ಮಣೆ ಉಳಿಯಿತು. ಆ ಮಾತು ಧರೆಪ್ಪನ ತುಟಿಯ ತನಕ ಬಂತು ಕೂಡ. ಆಯಿ ಕಣ್ಣು ಕದಲಿಸದೆ ನೋಡುತ್ತಿದ್ದಳು.

"ಕೊಂದು ತರತೀವಿ ಆಯಿ. ಹಳೇವು ಆಗೂದಿಲ್ಲ."

ಚನ್ನವ್ವ ಹಣೆ ಬಡಿದುಕೊಂಡಳು. ಹಂಚಿನ ಮೇಲಿನ ಹೋಳಿಗೆ ಕರಕಾಗಿ ಹೊಗೆಯೆದ್ದಿತು. ಗಿರಿಜವ್ವ ಹೋಳಿಗೆ ಸುಟ್ಟದ್ದನ್ನು ಆ ಮನೆಯವರು ಅವತ್ತೇ ಮೊದಲು ನೋಡಿದ್ದು.

"ಭಾಳ ಆಗ್ಯಾವೇನು?"

"ಭಾಳ ಆಗ್ಯಾವ. ಎಷ್ಟಂತ ಹೇಳಲೇನು?"

"ಬ್ಯಾಡ." ಸುಟ್ಟ ಹೋಳಿಗೆಯನ್ನು ಬದಿಗೆ ಎತ್ತಿಹಾಕಿದಳು. "ಅಂಥಾ ದಿನ ಉಣ್ಣತಿದ್ದೇನು?"

"ಇಲ್ಲ ಆಯಿ. ತೋಪು ಹಾರಿಸಿದ ದಿನ ಒಪ್ಪತ್ತು."

"ಯಾರ ಹೇಳಿದರು ನಿನಗ?"

"ನೀನ. ಗೊರವಂಕ ಸತ್ತಾಗ."

ಗಿರಿಜವ್ವ ಹಂಚು ಕೆಳಗಿಳಿಸಿದಳು. "ಬಿಟ್ಟು ಬಾ ಅಂದರ ಬರತೀಯೇನು?"

"ಇಲ್ಲ," ಎಂದ ಧರೆಪ್ಪ. "ಹದ್ದು ಬಡದ ವಿಮಾನದಾಗಿನ ಹುಡುಗ ಪದಕದ ದಿನಾ ಬಂದಿದ್ದ ಆಯಿ. ಅವರವ್ವನೂ ಬಂದಿದ್ದಳು. ಅಕೀ ಮಾತು ನನಗ ತಿಳೀಲಿಲ್ಲ, ನನ್ನ ಮಾತು ಅಕೀಗೆ ತಿಳೀಲಿಲ್ಲ. ಮಗನ ಕಣ್ಣ ಮ್ಯಾಲ ಒಮ್ಮೆ ಕೈ ಆಡಿಸಿದಳು, ನನ್ನ ಕಣ್ಣ ಮ್ಯಾಲ ಒಮ್ಮೆ ಆಡಿಸಿದಳು. ಅದಕ್ಕ ಬಿಡೂದಿಲ್ಲ. ನಿನಗ ಹೇಳದ ಇದ್ದದ್ದು ಮಾತ್ರ ನಂದು ತಪ್ಪು."

ಮುದುಕಿ ಕೈ ಚಾಚಿ ಆ ಮಣೆಯನ್ನು ಎತ್ತಿ ಗೋಡೆಗೆ ಆನಿಸಿದಳು.

"ಒಳಗ ಬರಬ್ಯಾಡ. ಹೊರಗ ಕಟ್ಟಿ ಮ್ಯಾಲ ಕುಂದರು ಹೋಗು."

ಧರೆಪ್ಪ ಅಂಗಳದ ಬೇವಿನ ಕಟ್ಟೆಗೆ ಬಂದು ಕೂತ. ಗೊರವಂಕ ಹೂತದ್ದು ಅದೇ ಬುಡದಲ್ಲಿ. ಪಟಗವನ್ನು ಮಡಿಲಲ್ಲಿಟ್ಟುಕೊಂಡು ಸಣ್ಣ ಹುಡುಗನ ಹಾಗೆ ಅತ್ತ. ಅಡಿವೆಪ್ಪ ಪಕ್ಕದಲ್ಲಿ ಕೂತು, ಮಗನ ಬೆನ್ನು ಸವರಿದ. "ಅಳಬ್ಯಾಡಲೇ. ನನಗ ಕೊಟ್ಟಿಗಿ ಕೊಟ್ಟಿದ್ದಳು, ನಿನಗ ಕಟ್ಟಿ ಕೊಟ್ಟಾಳ. ನಿಂದು ಪ್ರಮೋಷನ್ ಆತು ಅನಕೋ," ಎಂದ. ಹೇಳುತ್ತ ಹೇಳುತ್ತ ತಾನೇ ಕಣ್ಣೊರೆಸಿಕೊಂಡ.

ಒಳಗೆ ಲಿಂಗಪೂಜೆಯ ಗಂಟೆ ಕೇಳಿಸಿ ನಿಂತಿತು. ಚನ್ನವ್ವ ಒಂದು ಚೊಂಬು ನೀರು ಹಿಡಿದು ಹೊರಗೆ ಬಂದಳು. ಬೆಪ್ಪಾಗಿ ಹಿಂದೆ ತಿರುಗಿ ನೋಡುತ್ತ ನೋಡುತ್ತ ಬಂದಳು. ಅವಳ ಹಿಂದೆ ಗಿರಿಜವ್ವ. ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ಕಂಕುಳಲ್ಲಿ ಆ ಮಣೆ, ಎರಡೂ ಕೈಯಲ್ಲಿ ಒಂದೊಂದು ತಾಟು, ಎರಡರಲ್ಲೂ ಹೋಳಿಗೆ. ಮಣೆಯನ್ನು ಮೊಮ್ಮಗನ ಮುಂದೆ ಹಾಕಿ, ಒಂದು ತಾಟನ್ನು ಅವನ ಮುಂದಿಟ್ಟು, ಇನ್ನೊಂದನ್ನು ತನ್ನ ಮುಂದಿಟ್ಟುಕೊಂಡು ಬರೀ ಕಟ್ಟೆಯ ಮೇಲೆ ಕೂತಳು.

"ಅವ್ವಾ! ಹೊರಗ ಉಣ್ಣತೀ?" ಎಂದು ಅಡಿವೆಪ್ಪ ಬಾಯಿ ತೆರೆದ.

"ಅಂವಗ ಒಳಗ ಬರಾಕ ಇಲ್ಲ ಅಂದೇನಿ," ಎಂದಳು ಗಿರಿಜವ್ವ, ಹೋಳಿಗೆ ಮುರಿಯುತ್ತ. "ನನಗ ಹೊರಗ ಬರಾಕ ಬ್ಯಾಡ ಅಂದಾಂವ ಯಾಂವ? ಉಣ್ಣು ಮುತ್ಯಾ, ಆರತೈತಿ."